ಕೀಲಿ ಪುಸ್ತಕ

ವುಚ್ ನಗರದ ಆರನೇ ನಂಬರಿನ ಹಾಸ್ಟೆಲಿನಲ್ಲಿ
ರಾತ್ರಿಪಾಳಿ ನನ್ನದು, ಹತ್ತೊಂಬತ್ತು ವರ್ಷದಿಂದ.
ಕೆಲಸ ಇಷ್ಟೇ: ಕೀಲಿ ಕೊಡುವುದು, ಕೀಲಿ ಈಸಿಕೊಳ್ಳುವುದು,
ಗೀಟು ಹಾಕಿದ ಪುಸ್ತಕದಲ್ಲಿ ಹೊತ್ತು ಬರೆಯುವುದು.
ಇಂಗ್ಲಿಷು ನನಗೆ ಬಾರದು.
ಈ ಹುಡುಗರ ಪೋಲಿಷು ನಮಸ್ಕಾರ, ದಯಮಾಡಿ, ಕ್ಷಮಿಸಿ
ಇಷ್ಟರಲ್ಲೇ ತೀರುತ್ತದೆ.
ಆದರೂ ಕೀಲಿ ಮೇಜಿಗೆ ತಾಗುವ ಸದ್ದಿನಲ್ಲೇ ಗೊತ್ತಾಗುತ್ತದೆ
ಯಾರಿಗೆ ಪರೀಕ್ಷೆ ಕೈಕೊಟ್ಟಿತು, ಯಾರಿಗೆ ಹುಡುಗಿ ಒಲಿದಳು.

ಸದ್ದೇ ಇಲ್ಲದ್ದು ಗೊತ್ತಾಗುವುದು ಮಾತ್ರ ತಡ.

ಜನವರಿ. ಹನ್ನೊಂದು ದಿನದಿಂದ
ನಾನೂರ ಹನ್ನೆರಡರ ಕೊಕ್ಕೆ ಬರಿದು.
ಹೊರಗೆ ಹೋಗದವನ ಕೀಲಿ ಕೆಳಗೆ ಬರುವುದಿಲ್ಲ.
ಪುಸ್ತಕದಲ್ಲಿ ಅವನ ಸಾಲು ಬೆಳ್ಳಗೆ ಬಿದ್ದುಕೊಂಡಿದೆ,
ಹಕ್ಕಿಯ ಹೆಜ್ಜೆಯೂ ಮೂಡದ ಅಂಗಳದ ಹಿಮದ ಹಾಗೆ.

ಮುನಾಶೆ ಅಂತ ಹೆಸರು. ಜಿಂಬಾಬ್ವೆಯವನು.
ಜೊತೆಗಿದ್ದ ಕಜಾಕ್ ಹುಡುಗ ಯೆರ್ಲಾನ್
ನವೆಂಬರಿನಲ್ಲೇ ಗಂಟುಮೂಟೆ ಕಟ್ಟಿದ್ದ.
ಪುಟ ಹಿಂದೆ ಹಿಂದೆ ತಿರುವಿದೆ,
ಅಕ್ಟೋಬರಿನ ಒಂದು ಭಾನುವಾರಕ್ಕೆ ಬೆರಳು ನಿಂತಿತು:
ಒಂದೇ ಮಧ್ಯಾಹ್ನ ಐದು ಸಲ ಹೊರಗೆ, ಐದು ಸಲ ಒಳಗೆ.
ಅಕ್ಷರ ನನ್ನದೇ. ಡನುತಾಳ ಹಗಲುಪಾಳಿ ನಾನು ಮಾಡಿದ ದಿನ.
ನೆನಪಾಯಿತು, ಸಲಸಲಕ್ಕೂ ಬೇರೆ ಅಂಗಿ.
ಹಳದಿ, ಚೌಕುಳಿ, ಬಿಳಿ, ಮತ್ತೆ ಯಾವುದೋ, ಮತ್ತೆ ಕೆಂಪು ಸ್ವೆಟರು.
ಮದುವೆಯೇನೋ ಎಂದು ಕೈಸನ್ನೆ ಮಾಡಿ ನಕ್ಕಿದ್ದೆ.
ಅವನೂ ನಕ್ಕಿದ್ದ.

ನಾಲ್ಕು ಮಹಡಿ ಹತ್ತಿದೆ.
ಹೀಟರು ನೋಡಬೇಕು, ಅಂದೆ, ಸುಳ್ಳೇ.
ಬಾಗಿಲು ಒಂದು ಗೇಣು ತೆರೆಯಿತು.
ಅವನು ತನ್ನ ಮಾತು ಫೋನಿಗೆ ಹೇಳಿದ;
ಫೋನು ನನ್ನ ಮಾತಿನಲ್ಲಿ ಹೇಳಿತು,
ರೈಲು ತಡವೆಂದು ಸಾರುವ ಹೆಂಗಸಿನ ದನಿಯಲ್ಲಿ:
ನಾನು ಚೆನ್ನಾಗಿದ್ದೇನೆ.

ನನ್ನ ತಮ್ಮನೂ ಹೀಗೇ. ಜರ್ಮನಿಗೆ ಇಟ್ಟಿಗೆ ಕೆಲಸಕ್ಕೆ ಹೋದವನು
ಏಳು ವರ್ಷ ಕಾಗದ ಬರೆದ, ಎಲ್ಲ ಚೆನ್ನ, ಎಲ್ಲ ಚೆನ್ನ.
ಚೆನ್ನಾಗಿದ್ದದ್ದು ಕಾಗದ.

ಹಾಗಾಗಿ ನಾನು ಹೋಗಲಿಲ್ಲ. ಯೆರ್ಲಾನನ ಖಾಲಿ ಮಂಚದ ಮೇಲೆ
ಕುಕ್ಕರಿಸಿ ಕೂತೆ.
ಗಂಟೆ ಎರಡಾಯಿತು, ಎರಡೂವರೆ.
ಕೆಳಗೆ ಯಾರೋ ಕೀಲಿಗೆ ಕೂಗಿದರು. ಕೂಗಲಿ.

ಆಮೇಲೆ ಅವನು ಪಟಗಳನ್ನು ತೋರಿಸಿದ.
ಪಾರ್ಕಿನ ಮೇಪಲ್ ಮರ, ಬಿಸಿಲು, ಹಳದಿ ಅಂಗಿ.
ಅದೇ ಮರ, ಬಿಸಿಲು, ಚೌಕುಳಿ ಅಂಗಿ.
ನಾವು ಎಲೆಕೋಸಿಗೆ ಉಪ್ಪು ಹಾಕಿ ಭರಣಿ ತುಂಬುವ ಹೊತ್ತಿನಲ್ಲಿ
ಈ ಹುಡುಗ ಚಳಿಗಾಲಕ್ಕೆಂದು
ತನ್ನ ನಗುಮುಖ ತುಂಬಿಟ್ಟುಕೊಂಡಿದ್ದ.
ಮೂರು ವಾರಕ್ಕೊಂದರಂತೆ ಮುಟಾರೆಗೆ, ಅಮ್ಮನಿಗೆ.
ಚಿಕ್ಕಪ್ಪ ಮಿನಿಬಸ್ಸು ಮಾರಿ ಫೀಸು ಕಟ್ಟಿದ್ದಾನಂತೆ.
ಮಿನಿಬಸ್ಸು ಕೊಟ್ಟವರಿಗೆ ಎಂಥ ಮುಖ ಕಳಿಸುವುದು?

ಮೊನ್ನೆ ಅಮ್ಮ ಕೇಳಿದಳಂತೆ:
ಏನು ಮಗಾ, ಅಲ್ಲಿ ಎಲೆ ಉದುರುವುದೇ ಇಲ್ಲವೇ?

ಇನ್ನೊಂದೇ ಉಳಿದಿದೆ, ಕೆಂಪು ಸ್ವೆಟರಿನದು.

ಯೂನಿವರ್ಸಿಟಿಯೂ ಕೇಳಿತ್ತು, ನಿಜ ಹೇಳಬೇಕು.
ನಿಮ್ಮ ಮನಸ್ಸು ಹೇಗಿದೆ, ಒಂದರಿಂದ ಐದರೊಳಗೆ ಗುರುತು ಹಾಕಿ.
ಅವನು ಎಲ್ಲಕ್ಕೂ ನಾಲ್ಕು ಹಾಕಿದ್ದ.
ಐದು ಹಾಕಿದರೆ ನಂಬುವುದಿಲ್ಲ,
ಮೂರು ಹಾಕಿದರೆ ಕರೆಸುತ್ತಾರೆ.
ರೈಲಿನ ಹೆಂಗಸು ಇದನ್ನೂ ಅದೇ ದನಿಯಲ್ಲಿ ಓದಿದಳು.

ಔಷಧ ನನಗೆ ಗೊತ್ತಿಲ್ಲ. ಟ್ರಾಮು ಗೊತ್ತು.
ಮಂಗಳವಾರ ಇಂಗ್ಲಿಷು ಬಲ್ಲ ಮನೋವೈದ್ಯೆ ಬರುತ್ತಾಳೆ,
ಎರಡು ನಿಲ್ದಾಣ ಆಚೆ.
ಪಾಳಿ ಮುಗಿದರೂ ಮನೆಗೆ ಹೋಗದೆ ಮೆಟ್ಟಿಲು ನೋಡುತ್ತ ಕೂತೆ.
ಒಂಬತ್ತೂ ಹತ್ತಕ್ಕೆ
ಮೇಜಿನ ಮೇಲೆ ಕೀಲಿಯ ಸದ್ದಾಯಿತು.

ನಿಲ್ದಾಣದಲ್ಲಿ ಫೋನು ನನ್ನ ಕೈಗಿಟ್ಟ.
ಒಂದು ಪಟ ಹಿಡಿದೆ:
ಹುಬ್ಬಿನವರೆಗೆ ಟೋಪಿ, ಊದಿದ ಕಣ್ಣು, ಬೋಳು ಮರ,
ಮೂಲೆಯಲ್ಲಿ ನನ್ನ ಹೆಬ್ಬೆರಳು.
ಕಳಿಸುತ್ತೀಯಾ ಎಂದು ಸನ್ನೆಯಲ್ಲಿ ಕೇಳಿದೆ.
ಅವನು ಫೋನು ಜೇಬಿಗೆ ಹಾಕಿಕೊಂಡ. ಟ್ರಾಮು ಬಂತು.

ಮರುದಿನ ಪುಸ್ತಕ ನೋಡುತ್ತ ಡನುತಾ ಗೊಣಗಿದಳು,
ನಾನೂರ ಹನ್ನೆರಡು, ಹೊರಗೆ...
ಇದೇನು ಬೊಗುಮಿವಾ, ಮೂರೋ ಒಂಬತ್ತೋ? ಎಂಥ ಅಕ್ಷರವೇ ನಿನ್ನದು.
ಒಂಬತ್ತು, ಅಂದೆ.